ಕೈ ಕೊಡುವುದು, ಹೊಟ್ಟೆಯ ಕಿಚ್ಚು, ಈದಿನ ಚಂದ್ರ: ಇಂಗ್ಲಿಷ್ ನುಡಿಗಟ್ಟುಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?



‘ಗಿವ್ ಮಿ ಎ ಹ್ಯಾಂಡ್’ ಎಂಬ ಇಂಗ್ಲಿಷ್ ವಾಕ್ಯದಲ್ಲಿ ನಮಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ‘ಗಿವ್’ ಎಂದರೆ ಕೊಡು, ‘ಹ್ಯಾಂಡ್’ ಎಂದರೆ ಕೈ ಎಂದು ಪ್ರಾಥಮಿಕ ಶಾಲೆಯ ಮಗುವೂ ಹೇಳುತ್ತದೆ. ಈಗ ಎರಡನ್ನೂ ಕೂಡಿಸಿ ಕನ್ನಡಕ್ಕೆ ತನ್ನಿ: ‘ನನಗೆ ಕೈ ಕೊಡು’. ಇಂಗ್ಲಿಷಿನಲ್ಲಿ ಕೇಳಿದ್ದು ಸಹಾಯ. ಕನ್ನಡದಲ್ಲಿ ಬಂದದ್ದು ‘ನಡುನೀರಿನಲ್ಲಿ ಬಿಟ್ಟು ಹೋಗು’ ಎಂಬ ಅರ್ಥ. ಎಲ್ಲ ಪದಗಳೂ ಸರಿ, ಒಟ್ಟು ಅರ್ಥ ಮಾತ್ರ ಪೂರ್ತಿ ತಲೆಕೆಳಗು!

ಹತ್ತನೇ ತರಗತಿಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಬಂದು ಒಮ್ಮೆಲೇ ಇಂಗ್ಲಿಷ್ ಪಾಠಗಳನ್ನು ಎದುರಿಸುವ ಅನೇಕರಿಗೆ ಈ ಅನುಭವ ಆಗಿಯೇ ಇರುತ್ತದೆ. ವಾಕ್ಯದ ಒಂದೊಂದು ಪದವೂ ಗೊತ್ತು. ಆದರೂ ವಾಕ್ಯ ಅರ್ಥವಾಗುವುದಿಲ್ಲ. ಆಗ ಮನಸ್ಸಿಗೆ ಬರುವ ಮೊದಲ ಮಾತು, ‘ನನ್ನ ಇಂಗ್ಲಿಷ್ ಸರಿಯಿಲ್ಲ, ನನ್ನಿಂದ ಆಗುವುದಿಲ್ಲ’. ಈ ತೀರ್ಮಾನ ತಪ್ಪು. ಇಲ್ಲಿ ಕೊರತೆ ಇರುವುದು ಪದಸಂಪತ್ತಿನಲ್ಲಿಯೂ ಅಲ್ಲ, ಬುದ್ಧಿಯಲ್ಲಿಯೂ ಅಲ್ಲ. ನೀವು ಎದುರಿಸಿದ್ದು ಒಂದು ನುಡಿಗಟ್ಟನ್ನು. ಅದನ್ನು ಬಿಡಿಸುವ ಕ್ರಮವೇ ಬೇರೆ. ಆ ಕ್ರಮ ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಬಳಸುವ ನಮಗೆ ಈಗಾಗಲೇ ಅರ್ಧ ಗೊತ್ತಿದೆ. ಉಳಿದ ಅರ್ಧವನ್ನು ಈ ಲೇಖನದಲ್ಲಿ ನೋಡೋಣ.

ನುಡಿಗಟ್ಟು ಎಂದರೇನು?

ಹೆಸರೇ ಹೇಳುವಂತೆ ಇದು ನುಡಿಗಳ ಕಟ್ಟು. ಕೆಲವು ಪದಗಳು ಸೇರಿ ಒಂದೇ ಪದದ ಹಾಗೆ ಕೆಲಸ ಮಾಡುತ್ತವೆ. ಕಟ್ಟನ್ನು ಬಿಚ್ಚಿ ಒಂದೊಂದೇ ಪದಕ್ಕೆ ಅರ್ಥ ಹುಡುಕಿದರೆ ಸಿಗುವುದಿಲ್ಲ. ಕನ್ನಡದಲ್ಲಿ ‘ಅವನು ನನ್ನ ಕಿವಿಗೆ ಹೂ ಇಟ್ಟ’ ಎಂದಾಗ ಯಾರೂ ಹೂವನ್ನು ಹುಡುಕುವುದಿಲ್ಲ. ‘ಟೋಪಿ ಹಾಕಿದ’ ಎಂದರೆ ತಲೆ ಮುಟ್ಟಿ ನೋಡಿಕೊಳ್ಳುವುದಿಲ್ಲ. ಮೋಸ ಆಯಿತು ಎಂದು ತಕ್ಷಣ ತಿಳಿಯುತ್ತದೆ. ಉರ್ದುವಿನಲ್ಲಿ ಇದನ್ನೇ ಮುಹಾವರಾ ಎನ್ನುತ್ತಾರೆ. ‘ಪಾನಿ ಪಾನಿ ಹೋನಾ’ ಎಂದರೆ ನಾಚಿಕೆಯಿಂದ ಕುಗ್ಗುವುದು; ಅಲ್ಲಿ ಯಾರೂ ಒದ್ದೆಯಾಗಿಲ್ಲ.

ಗಾದೆ ಇದಕ್ಕಿಂತ ಸ್ವಲ್ಪ ಬೇರೆ. ಗಾದೆ ತಾನೇ ಒಂದು ಪೂರ್ಣ ಮಾತು, ಒಂದು ತಿಳಿವಳಿಕೆಯನ್ನು ಹೇಳುತ್ತದೆ: ‘ಕೈ ಕೆಸರಾದರೆ ಬಾಯಿ ಮೊಸರು’. ನುಡಿಗಟ್ಟು ವಾಕ್ಯದ ಒಂದು ಭಾಗವಾಗಿ ಬರುತ್ತದೆ. ಕಾಲಕ್ಕೆ, ವ್ಯಕ್ತಿಗೆ ತಕ್ಕಂತೆ ಅದರ ಕ್ರಿಯಾಪದ ಬದಲಾಗುತ್ತದೆ: ಟೋಪಿ ಹಾಕಿದ, ಟೋಪಿ ಹಾಕುತ್ತಾಳೆ, ಟೋಪಿ ಹಾಕಿಬಿಟ್ಟರು.

ಇನ್ನು ಅಲಂಕಾರಗಳು. ಇಂಗ್ಲಿಷಿನ ‘ಫಿಗರ್ಸ್ ಆಫ್ ಸ್ಪೀಚ್’ ಹೊಸ ಪಾಠವೆಂದು ಹೆದರಬೇಕಾಗಿಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ಕನ್ನಡ ಅಲಂಕಾರಗಳ ವಿಸ್ತಾರವಾದ ಚರ್ಚೆ ಇದೆ. ಭಾಷಾ ಪಾಠದಲ್ಲಿ ಕನ್ನಡ ಓದುವವರು ಉಪಮೆ, ರೂಪಕ, ಅತಿಶಯೋಕ್ತಿ ಎಂದು ಕಲಿತದ್ದನ್ನು ಉರ್ದು ಓದುವವರು ತಶ್‌ಬೀಹ್, ಇಸ್ತಿಆರಾ, ಮುಬಾಲಗಾ ಎಂದು ಕಲಿತಿರುತ್ತಾರೆ. ಇಂಗ್ಲಿಷಿನಲ್ಲಿ ಇವೇ ಸಿಮಿಲಿ, ಮೆಟಫರ್, ಹೈಪರ್ಬೊಲಿ.

‘ಆಸ್ ಬ್ಯುಸಿ ಆಸ್ ಎ ಬೀ’ ಎಂದರೆ ಜೇನುಹುಳುವಿನಂತೆ ಬಿಡುವಿಲ್ಲದೆ ದುಡಿಯುವವರು. ‘ಆಸ್’ ಅಥವಾ ‘ಲೈಕ್’ ಎಂಬ ಹೋಲಿಕೆಯ ಪದ ಕಂಡರೆ ಅದು ಉಪಮೆ. ಹೋಲಿಕೆಯ ಪದವೇ ಇಲ್ಲದೆ, ಒಂದನ್ನು ಇನ್ನೊಂದೆಂದೇ ಹೇಳಿದರೆ ರೂಪಕ. ಕೆ.ಎಸ್. ನಿಸಾರ್ ಅಹಮದ್ ತಮ್ಮ ಕವಿತೆಗೆ ‘ಕುರಿಗಳು ಸಾರ್ ಕುರಿಗಳು’ ಎಂದು ಹೆಸರಿಟ್ಟಾಗ ‘ಕುರಿಗಳಂತೆ’ ಎನ್ನಲಿಲ್ಲ. ನೇರವಾಗಿ ಕುರಿಗಳು ಎಂದೇ ಕರೆದರು. ‘ಐ ಹ್ಯಾವ್ ಟೋಲ್ಡ್ ಯು ಎ ಥೌಸಂಡ್ ಟೈಮ್ಸ್’ ಎಂಬುದು ಅತಿಶಯೋಕ್ತಿ. ‘ಸಾವಿರ ಸಲ ಹೇಳಿದ್ದೀನಿ’ ಎಂದು ಮನೆಯಲ್ಲಿ ಅಮ್ಮ ಹೇಳುವಾಗಲೂ ಯಾರೂ ಎಣಿಸಲು ಹೋಗುವುದಿಲ್ಲ.

ಅನೇಕ ನುಡಿಗಟ್ಟುಗಳು ಒಂದು ಕಾಲದಲ್ಲಿ ಹೊಸ ರೂಪಕಗಳಾಗಿದ್ದವು. ಜನರ ಬಾಯಲ್ಲಿ ಸವೆದು ಸವೆದು ಗಟ್ಟಿಯಾದವು. ಆದ್ದರಿಂದ ನುಡಿಗಟ್ಟಿನ ಒಳಗೆ ಹೆಚ್ಚಾಗಿ ಒಂದು ಚಿತ್ರ ಇರುತ್ತದೆ. ಆ ಚಿತ್ರವನ್ನು ಕಂಡವರಿಗೆ ಅರ್ಥವೂ ಬೇಗ ಕಾಣುತ್ತದೆ.

ಒಂದೇ ಚಂದ್ರ, ಮೂರು ಭಾಷೆ

ಬಹಳ ಅಪರೂಪಕ್ಕೆ ನಡೆಯುವುದನ್ನು ಇಂಗ್ಲಿಷಿನವರು ‘ಒನ್ಸ್ ಇನ್ ಎ ಬ್ಲೂ ಮೂನ್’ ಎನ್ನುತ್ತಾರೆ. ನೀಲಿ ಚಂದ್ರ ಕಂಡಾಗ ಒಮ್ಮೆ. ನಮ್ಮ ಕನ್ನಡದಲ್ಲಿ ‘ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದು ಸಲ’ ಎನ್ನುತ್ತೇವೆ. ಉರ್ದುವಿನಲ್ಲಿ, ಬಹಳ ದಿನ ಮುಖ ತೋರಿಸದವನು ಎದುರಾದರೆ, ‘ಕ್ಯಾ ಮಿಯಾಂ, ಈದ್ ಕಾ ಚಾಂದ್ ಹೋಗಯೇ’ ಎಂದು ಆಕ್ಷೇಪಿಸುತ್ತಾರೆ. ಈದಿನ ಚಂದ್ರನಿಗಾಗಿ ಛಾವಣಿಯ ಮೇಲೆ ನಿಂತು ಕಾದವರಿಗೆ ಆ ಮಾತಿನ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಭಾಷೆಯವರೂ ಆಕಾಶದ ಕಡೆಗೇ ನೋಡಿದ್ದಾರೆ, ಆದರೆ ಒಬ್ಬೊಬ್ಬರು ತಮ್ಮ ಬದುಕಿಗೆ ಹತ್ತಿರವಾದ ಚಂದ್ರನನ್ನು ಆರಿಸಿಕೊಂಡಿದ್ದಾರೆ. ಬಳಕೆಯಲ್ಲಿಯೂ ಸಣ್ಣ ವ್ಯತ್ಯಾಸ ಇದೆ. ‘ಬ್ಲೂ ಮೂನ್’ ಅಪರೂಪದ ಘಟನೆಗೆ ಸಲ್ಲುತ್ತದೆ. ‘ಈದ್ ಕಾ ಚಾಂದ್’ ಅಪರೂಪವಾದ ಮನುಷ್ಯನಿಗೆ ಸಲ್ಲುತ್ತದೆ. ಹೀಗೆ ಎಲ್ಲಿ ಹೋಲುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ನೋಡುವುದೇ ನುಡಿಗಟ್ಟು ಕಲಿಯುವ ಒಳ್ಳೆಯ ದಾರಿ.

ಇನ್ನೊಂದು ಉದಾಹರಣೆ. ಓಡಿಹೋಗುವುದಕ್ಕೆ ಇಂಗ್ಲಿಷಿನಲ್ಲಿ ‘ಟೇಕ್ ಟು ಒನ್ಸ್ ಹೀಲ್ಸ್’. ಅಲ್ಲಿ ಹಿಮ್ಮಡಿಗೆ ಕೆಲಸ. ಕನ್ನಡದಲ್ಲಿ ‘ಕಾಲಿಗೆ ಬುದ್ಧಿ ಹೇಳಿದ’. ಉರ್ದುವಿನಲ್ಲಿ ‘ನೌ ದೋ ಗ್ಯಾರಾ ಹೋಗಯಾ’, ಅಂದರೆ ಒಂಬತ್ತಕ್ಕೆ ಎರಡು ಕೂಡಿದರೆ ಹನ್ನೊಂದು! ಜೋರು ಮಳೆಗೆ ಇಂಗ್ಲಿಷಿನಲ್ಲಿ ‘ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’. ಕನ್ನಡದಲ್ಲಿ ಕುಂಭದ್ರೋಣ ಮಳೆ, ಅಂದರೆ ಕೊಡದಿಂದ ಸುರಿದಂತೆ. ಉರ್ದುವಿನಲ್ಲಿ ‘ಮೂಸ್ಲಾಧಾರ್ ಬಾರಿಶ್’, ಒನಕೆಯಷ್ಟು ದಪ್ಪ ಧಾರೆ. ‘ನಾಯಿ ಬೆಕ್ಕುಗಳ ಮಳೆ’ ಎಂದು ಕನ್ನಡದಲ್ಲಿ ಬರೆದರೆ ಓದುವವರು ನಗುತ್ತಾರೆ. ‘ಇಟ್ ಈಸ್ ರೇನಿಂಗ್ ಪಾಟ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದರೂ ಅಷ್ಟೇ.

ಚಿತ್ರಗಳು ಎಲ್ಲಿಂದ ಬಂದವು?

ನುಡಿಗಟ್ಟುಗಳು ಜನರ ಕಸುಬು, ಹವೆ, ಆಟ, ಅಂಗಡಿಗಳಿಂದ ಹುಟ್ಟುತ್ತವೆ. ಕೆಲವನ್ನು ನೋಡೋಣ.

‘ಬ್ರೇಕ್ ದ ಐಸ್’. ಪರಿಚಯವಿಲ್ಲದವರ ನಡುವಿನ ಮೌನ, ಬಿಗುಮಾನವನ್ನು ಮುರಿದು ಮಾತು ಶುರು ಮಾಡುವುದು. ಚಳಿಯ ದೇಶಗಳಲ್ಲಿ ನದಿ ಹೆಪ್ಪುಗಟ್ಟುತ್ತದೆ; ಮಂಜುಗಡ್ಡೆ ಒಡೆಯದೆ ದೋಣಿ ಮುಂದೆ ಸಾಗದು. ಐಸ್ ಎಂದರೆ ಜ್ಯೂಸ್ ಅಂಗಡಿಯನ್ನು ನೆನೆಯುವ ಬೆಂಗಳೂರಿನ ನಮಗೆ ಈ ಚಿತ್ರ ತಾನಾಗಿ ಹೊಳೆಯದಿದ್ದರೆ ಆಶ್ಚರ್ಯವಿಲ್ಲ.

‘ಬರ್ನ್ ದ ಮಿಡ್‌ನೈಟ್ ಆಯಿಲ್’. ರಾತ್ರಿಯೆಲ್ಲ ಎದ್ದು ಓದುವುದು ಅಥವಾ ದುಡಿಯುವುದು. ಎಣ್ಣೆ ದೀಪದ ಕಾಲದ ಮಾತಿದು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳು ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ಅದಕ್ಕೆ ಮೊದಲು ನಮ್ಮ ಪೇಟೆಗಳಲ್ಲಿಯೂ ರಾತ್ರಿ ಓದುವವರು ಎಣ್ಣೆಯನ್ನೇ ಉರಿಸಬೇಕಿತ್ತು. ಇಂದು ಎಲ್‌ಇಡಿ ಬಲ್ಬಿನ ಕೆಳಗೆ ಓದಿದರೂ ಇಂಗ್ಲಿಷಿನಲ್ಲಿ ಎಣ್ಣೆಯೇ ಉರಿಯುತ್ತದೆ. ಚಿತ್ರ ಹಳೆಯದಾದರೂ ಅರ್ಥ ಉಳಿದಿದೆ.

‘ಲೆಟ್ ಆಫ್ ಸ್ಟೀಮ್’. ಒಳಗೆ ತುಂಬಿದ ಸಿಟ್ಟು, ಉದ್ವೇಗವನ್ನು ಯಾರಿಗೂ ಅಪಾಯವಾಗದಂತೆ ಹೊರಹಾಕುವುದು. ಉಗಿಬಂಡಿಯ ಬಾಯ್ಲರಿನಲ್ಲಿ ಒತ್ತಡ ಹೆಚ್ಚಾದಾಗ ಕವಾಟದಿಂದ ಉಗಿ ಬಿಡುತ್ತಿದ್ದರು. ಉಗಿಬಂಡಿ ನೋಡದವರು ಅಡುಗೆಮನೆಯ ಕುಕ್ಕರಿನ ಸೀಟಿಯನ್ನು ನೆನೆಯಬಹುದು.

‘ಆನ್ ಎ ಸ್ಟಿಕಿ ವಿಕೆಟ್’. ಇಕ್ಕಟ್ಟಿನ ಸ್ಥಿತಿ. ಹಿಂದೆ ಕ್ರಿಕೆಟ್ ಪಿಚ್‌ಗಳನ್ನು ಮಳೆಯಲ್ಲಿ ಮುಚ್ಚುತ್ತಿರಲಿಲ್ಲ. ಒದ್ದೆಯಾದ ನೆಲ ಬಿಸಿಲಿಗೆ ಒಣಗುವಾಗ ಚೆಂಡು ಹೇಗೆ ಪುಟಿಯುತ್ತದೆ ಎಂದು ಬ್ಯಾಟ್ಸ್‌ಮನ್‌ಗೆ ತಿಳಿಯುತ್ತಿರಲಿಲ್ಲ. ‘ಆನ್ ದ ಬ್ಯಾಕ್ ಫುಟ್’ ಎಂದರೂ ರಕ್ಷಣೆಗೆ ಇಳಿಯುವ ಸ್ಥಿತಿಯೇ. ಮೈದಾನದಲ್ಲಿ ಸಂಜೆ ಆಡುವ ನಮ್ಮ ಹುಡುಗರಿಗೆ ಇವೆರಡನ್ನೂ ಯಾರೂ ಹೇಳಿಕೊಡಬೇಕಾಗಿಲ್ಲ.

‘ಹಾಬ್ಸನ್ಸ್ ಚಾಯ್ಸ್’. ಆಯ್ಕೆ ಇದೆ ಎಂದು ತೋರಿದರೂ ನಿಜಕ್ಕೂ ಇಲ್ಲದಿರುವುದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಥಾಮಸ್ ಹಾಬ್ಸನ್ (1544–1631) ಎಂಬವನು ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಬಾಗಿಲಿಗೆ ಹತ್ತಿರದಲ್ಲಿ ನಿಂತ ಕುದುರೆಯನ್ನೇ ತೆಗೆದುಕೊಳ್ಳಬೇಕು, ಇಲ್ಲವೆಂದರೆ ಯಾವ ಕುದುರೆಯೂ ಇಲ್ಲ. ಒಳ್ಳೆಯ ಕುದುರೆಗಳನ್ನೇ ಎಲ್ಲರೂ ಓಡಿಸಿ ಸುಸ್ತು ಮಾಡಬಾರದೆಂದು ಈ ನಿಯಮ.

‘ಆ್ಯಸಿಡ್ ಟೆಸ್ಟ್’. ಒಂದು ವಸ್ತುವಿನ ಅಥವಾ ಮನುಷ್ಯನ ನಿಜವಾದ ಬೆಲೆ ಗೊತ್ತಾಗುವ ಪರೀಕ್ಷೆ. ನೈಟ್ರಿಕ್ ಆಮ್ಲ ಬೇರೆ ಲೋಹಗಳನ್ನು ತಿನ್ನುತ್ತದೆ, ಚಿನ್ನವನ್ನು ತಿನ್ನುವುದಿಲ್ಲ. ಆದ್ದರಿಂದ ಚಿನ್ನ ಅಸಲಿಯೋ ನಕಲಿಯೋ ಎಂದು ಆಮ್ಲ ಹಾಕಿ ನೋಡುತ್ತಿದ್ದರು. ನಮ್ಮ ಚಿಕ್ಕಪೇಟೆಯ ಚಿನ್ನದ ಕೆಲಸದವರು ಒರೆಗಲ್ಲಿಗೆ ಉಜ್ಜಿ ನೋಡುತ್ತಾರೆ. ಹಾಗಾಗಿ ಕನ್ನಡದಲ್ಲಿ ‘ಒರೆಗೆ ಹಚ್ಚು’ ಎಂಬ ಮಾತು ಬಂತು. ಅದೇ ಕಲ್ಲಿನ ಉರ್ದು ಹೆಸರು ‘ಕಸೌಟಿ’, ಅದಕ್ಕೂ ಪರೀಕ್ಷೆ ಎಂಬ ಅರ್ಥ. ಮೂರು ಭಾಷೆಗಳೂ ಚಿನ್ನದ ಅಂಗಡಿಯಲ್ಲಿ ಕೂಡಿಕೊಂಡವು ನೋಡಿ.

ಒಂದು ಎಚ್ಚರಿಕೆ: ಎಲ್ಲ ನುಡಿಗಟ್ಟುಗಳ ಹುಟ್ಟನ್ನೂ ಹೀಗೆ ಹೇಳಲಾಗುವುದಿಲ್ಲ. ಮೊಬೈಲಿನಲ್ಲಿ ಹರಿದಾಡುವ ‘ಇದರ ಹಿಂದಿನ ಕಥೆ’ಗಳಲ್ಲಿ ಅನೇಕವು ಆಮೇಲೆ ಕಟ್ಟಿದವು. ಕಥೆ ಸಿಗದಿದ್ದರೂ ಅರ್ಥ ಮತ್ತು ಬಳಕೆ ಗೊತ್ತಿದ್ದರೆ ಸಾಕು.

ನಂಬಿಸಿ ಮೋಸ ಮಾಡುವ ನುಡಿಗಟ್ಟುಗಳು

ಅರ್ಥವೇ ಆಗದ ನುಡಿಗಟ್ಟಿನಿಂದ ಅಪಾಯ ಕಡಿಮೆ, ಏಕೆಂದರೆ ನಾವು ಯಾರನ್ನಾದರೂ ಕೇಳುತ್ತೇವೆ. ಅರ್ಥವಾಯಿತೆಂದು ಅನ್ನಿಸಿ ತಪ್ಪಾಗಿ ಅರ್ಥವಾಗುವುದು ಹೆಚ್ಚು ಅಪಾಯ. ಮೊದಲಲ್ಲಿ ನೋಡಿದ ‘ಗಿವ್ ಎ ಹ್ಯಾಂಡ್’ ಅಂಥದ್ದು. ಅದಕ್ಕೆ ಹತ್ತಿರದ ಕನ್ನಡ ‘ಕೈ ಜೋಡಿಸು’. ಇನ್ನೂ ಕೆಲವು ಇವೆ.

ಕೆಲಸದ ಸಂದರ್ಶನದಲ್ಲಿ ‘ದಿಸ್ ಬಾಯ್ ಹ್ಯಾಸ್ ಫೈರ್ ಇನ್ ಹಿಸ್ ಬೆಲ್ಲಿ’ ಎಂದು ಯಾರಾದರೂ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಪದಕ್ಕೆ ಪದ ಇಟ್ಟರೆ ‘ಹೊಟ್ಟೆಕಿಚ್ಚು’ ಆಗುತ್ತದೆ, ಆದರೆ ಅದು ದೊಡ್ಡ ಹೊಗಳಿಕೆ: ಸಾಧಿಸುವ ಛಲ ಇರುವ ಹುಡುಗ ಎಂದರ್ಥ. ಹಾಗಾದರೆ ನಮ್ಮ ಹೊಟ್ಟೆಕಿಚ್ಚಿಗೆ ಇಂಗ್ಲಿಷಿನಲ್ಲಿ ಏನು? ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದಿಂದ ಪ್ರಸಿದ್ಧವಾದ ‘ಗ್ರೀನ್-ಐಡ್ ಮಾನ್‌ಸ್ಟರ್’, ಹಸಿರು ಕಣ್ಣಿನ ರಾಕ್ಷಸ. ಕನ್ನಡಿಗರ ಅಸೂಯೆ ಹೊಟ್ಟೆಯಲ್ಲಿ ಉರಿದರೆ ಇಂಗ್ಲಿಷಿನವರ ಅಸೂಯೆ ಕಣ್ಣಿನಲ್ಲಿ ಹಸಿರಾಗುತ್ತದೆ.

‘ವಾಷ್ ಒನ್ಸ್ ಹ್ಯಾಂಡ್ಸ್ ಆಫ್’ ಎಂದರೆ ‘ಇದರ ಹೊಣೆ ನನ್ನದಲ್ಲ’ ಎಂದು ಬಿಡುವುದು. ಉರ್ದುವಿನ ‘ಹಾಥ್ ಧೋ ಬೈಠ್ನಾ’ ಕೇಳಲು ಹಾಗೆಯೇ ಇದ್ದರೂ ಅದರ ಅರ್ಥ ಕಳೆದುಕೊಳ್ಳುವುದು. ಒಂದರಲ್ಲಿ ಮನುಷ್ಯ ತಾನಾಗಿ ಬಿಡುತ್ತಾನೆ, ಇನ್ನೊಂದರಲ್ಲಿ ಅವನ ಕೈಯಿಂದ ಹೋಗುತ್ತದೆ.

‘ಪುಲ್ ಸಮ್‌ಒನ್ಸ್ ಲೆಗ್’ ಎಂದರೆ ತಮಾಷೆಗೆ ಗೇಲಿ ಮಾಡುವುದು. ಕನ್ನಡದ ‘ಕಾಲೆಳೆಯುವುದು’ ಎಂಬುದಕ್ಕೆ ಮೇಲೇರುತ್ತಿರುವವರನ್ನು ಕೆಳಗೆ ಜಗ್ಗುವುದು ಎಂಬ ಅರ್ಥವೂ ಇದೆ, ಪತ್ರಿಕೆಗಳಲ್ಲಿ ಈಗ ಗೇಲಿ ಎಂಬ ಅರ್ಥವೂ ಬಂದಿದೆ. ಆದ್ದರಿಂದ ಸಂದರ್ಭ ನೋಡಬೇಕು. ಕಾಲಿನದೇ ಇನ್ನೊಂದು: ರಂಗದ ಮೇಲೆ ಹೋಗುವ ನಟನಿಗೆ ‘ಬ್ರೇಕ್ ಎ ಲೆಗ್’ ಎಂದರೆ ಶಾಪವಲ್ಲ, ಶುಭವಾಗಲಿ ಎಂಬ ಹಾರೈಕೆ.

ಗುರುಗಳೊಬ್ಬರು ‘ಐ ಆ್ಯಮ್ ಅಂಡರ್ ದ ವೆದರ್ ಟುಡೇ’ ಎಂದು ತರಗತಿಯ ಗುಂಪಿಗೆ ಸಂದೇಶ ಕಳಿಸಿದರೆ, ಅವರು ಮಳೆಯಲ್ಲಿ ಸಿಕ್ಕಿಕೊಂಡಿಲ್ಲ, ಮೈಗೆ ಹುಷಾರಿಲ್ಲ. ವಿದ್ಯಾರ್ಥಿವೇತನದ ಬಗ್ಗೆ ವಿಚಾರಿಸಿದಾಗ ‘ಡೋಂಟ್ ಹೋಲ್ಡ್ ಯುವರ್ ಬ್ರೆತ್’ ಎಂಬ ಉತ್ತರ ಬಂದರೆ, ಅದು ಬೇಗ ಸಿಗುವ ಭರವಸೆ ಇಲ್ಲ ಎಂದರ್ಥ. ಬೇರೆ ಕಡೆಗೂ ಅರ್ಜಿ ಹಾಕುವುದು ಒಳ್ಳೆಯದು. ಯಾವುದಾದರೂ ಕೋರ್ಸಿನ ಜಾಹೀರಾತಿನಲ್ಲಿ ‘ನೋ ಸ್ಟ್ರಿಂಗ್ಸ್ ಅಟ್ಯಾಚ್ಡ್’ ಎಂದಿದ್ದರೆ ಯಾವ ಷರತ್ತೂ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದಾರೆ. ಆದರೂ ‘ಫೈನ್ ಪ್ರಿಂಟ್’ ಓದಿಯೇ ಹಣ ಕಟ್ಟಿ. ಅಂದರೆ ಕೆಳಗೆ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ ಷರತ್ತುಗಳು. ಇಂಥ ಕಡೆ ನುಡಿಗಟ್ಟು ತಿಳಿಯದಿದ್ದರೆ ಹೋಗುವುದು ಅಂಕ ಮಾತ್ರವಲ್ಲ, ಅಪ್ಪ ದುಡಿದ ದುಡ್ಡು.

ಇಂಗ್ಲಿಷ್ ಮಾತನಾಡುವವರಲ್ಲಿಯೇ ಈ ಗೊಂದಲ ಇದೆ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಚರ್ಚೆಗೆ ಎತ್ತಿಕೊಳ್ಳುವುದು. ಅಮೆರಿಕದಲ್ಲಿ ಅದೇ ಮಾತಿಗೆ ಚರ್ಚೆಯನ್ನು ಮುಂದಕ್ಕೆ ಹಾಕುವುದು ಎಂಬ ಅರ್ಥ.

ನಮ್ಮ ಹಿರಿಯರು ಏನು ಮಾಡಿದರು?

ಎರಡು ಭಾಷೆಗಳ ನಡುವೆ ನಿಂತು ಪೇಚಾಡಿದವರಲ್ಲಿ ನಾವು ಮೊದಲಿಗರಲ್ಲ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮೂಲಕ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಜೊತೆಗೆ ಗಾದೆಗಳನ್ನೂ ಸೇರಿಸಿದರು. ಪದವೊಂದರ ಬಳಕೆ ಜನರ ಮಾತಿನಲ್ಲಿ ಇಟ್ಟು ನೋಡಿದಾಗಲೇ ಸ್ಪಷ್ಟವಾಗುತ್ತದೆ.

ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ತಂದಾಗ, ಇಂಗ್ಲಿಷ್ ಕವಿತೆಗಳನ್ನು ಪದಕ್ಕೆ ಪದ ಜೋಡಿಸದೆ ಕನ್ನಡದ ಕಿವಿಗೆ ಒಪ್ಪುವಂತೆ ಹೊಸದಾಗಿ ಕಟ್ಟಿದರು. ಅವರ ಹೆಸರಿನ ಪ್ರತಿಷ್ಠಾನ ಬಸವನಗುಡಿಯ ಪಕ್ಕದ ಎನ್.ಆರ್. ಕಾಲೊನಿಯಲ್ಲಿದೆ. ಇನ್ನೊಂದು ಕಡೆ ಟಿ.ಪಿ. ಕೈಲಾಸಂ ಅವರು ಬೆಂಗಳೂರಿನ ಮಧ್ಯಮ ವರ್ಗದವರ ಕನ್ನಡ–ಇಂಗ್ಲಿಷ್ ಬೆರಕೆ ಮಾತನ್ನೇ ರಂಗದ ಮೇಲೆ ತಂದು ಜನರನ್ನು ನಗಿಸಿದರು, ಯೋಚಿಸುವಂತೆಯೂ ಮಾಡಿದರು.

ನಿಸಾರ್ ಅಹಮದ್ (1936–2020) ಅವರ ಉದಾಹರಣೆ ನಮಗೆ ಇನ್ನೂ ಹತ್ತಿರ. ದೇವನಹಳ್ಳಿಯಲ್ಲಿ ಹುಟ್ಟಿದವರು, ಭೂವಿಜ್ಞಾನದ ಅಧ್ಯಾಪಕರು, ಕನ್ನಡದ ಕವಿ. ಷೇಕ್ಸ್‌ಪಿಯರನ ‘ಒಥೆಲೊ’ ನಾಟಕವನ್ನು ಅವರು ಕನ್ನಡಕ್ಕೆ ತಂದಿದ್ದಾರೆ. ವಿಜ್ಞಾನ ಓದುವವರಿಗೆ ಭಾಷೆ ಏಕೆ ಎಂದು ಕೇಳುವ ಗೆಳೆಯರು ಅವರನ್ನು ನೆನೆಯಲಿ.

ನಮ್ಮ ಚಾಮರಾಜಪೇಟೆಯಲ್ಲಿಯೇ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಅದು ಆರಂಭವಾದದ್ದು 1915ರಲ್ಲಿ. ಪರಿಷತ್ತು ಎಂಟು ಸಂಪುಟಗಳ ಕನ್ನಡ–ಕನ್ನಡ ನಿಘಂಟನ್ನು ಹೊರತಂದಿದೆ. ಅದರ ಪ್ರ���ಾನ ಸಂಪಾದಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ವಿಜಯಾ ಕಾಲೇಜಿನಲ್ಲಿ ಪಾಠ ಹೇಳಿದವರು. 1991ರಿಂದ ಅವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದರು. ಓದುಗರು ಪದಗಳ ಬಗ್ಗೆ ಪ್ರಶ್ನೆ ಕಳಿಸುತ್ತಿದ್ದರು, ಅವರು ಉತ್ತರ ಕೊಡುತ್ತಿದ್ದರು. ಮನೆಯಲ್ಲಿ ಕನ್ನಡವನ್ನೇ ಆಡುವ ಓದುಗರೂ ತಮ್ಮದೇ ಭಾಷೆಯ ಬಗ್ಗೆ ಕೇಳಿ ತಿಳಿದುಕೊಂಡರು. ಹಾಗಿರುವಾಗ ಇಂಗ್ಲಿಷಿನ ಬಗ್ಗೆ ತರಗತಿಯಲ್ಲಿ ಕೈ ಎತ್ತಿ ಕೇಳಲು ನಾವು ಸಂಕೋಚಪಡುವುದೇಕೆ?

ಕೆಲವು ಇಂಗ್ಲಿಷ್ ನುಡಿಗಟ್ಟುಗಳು ನೇರವಾಗಿ ಕನ್ನಡಕ್ಕೆ ಬಂದು ಇಲ್ಲಿಯವೇ ಆಗಿಬಿಟ್ಟಿವೆ: ಬಿಳಿ ಆನೆ, ಹಸಿರು ನಿಶಾನೆ, ಶೀತಲ ಸಮರ, ಒಂದೇ ಕಲ್ಲಿಗೆ ಎರಡು ಹಕ್ಕಿ. ಆದರೆ ಯಾವುದು ಬೇರೂರುತ್ತದೆ ಎಂಬುದನ್ನು ಬಳಸುವ ಜನ ನಿರ್ಧರಿಸುತ್ತಾರೆ, ಉತ್ತರಪತ್ರಿಕೆ ಬರೆಯುವ ನಾವಲ್ಲ.

ಯಾರ ಮುಂದೆ, ಯಾವಾಗ?

ಅರ್ಥ ಗೊತ್ತಾದರೆ ಮುಗಿಯಲಿಲ್ಲ. ಪ್ರತಿ ನುಡಿಗಟ್ಟಿಗೂ ತನ್ನದೇ ಜಾಗ, ಮರ್ಯಾದೆ ಇರುತ್ತದೆ. ‘ಕಿಕ್ ದ ಬಕೆಟ್’ ಮತ್ತು ‘ಪಾಸ್ ಅವೇ’ ಎರಡಕ್ಕೂ ಸಾಯುವುದು ಎಂದೇ ಅರ್ಥ. ಮೊದಲನೆಯದು ನಮ್ಮ ‘ಗೊಟಕ್ ಅಂದ’ ಎಂಬಂಥ ಹಗುರ ಮಾತು. ಎರಡನೆಯದು ‘ತೀರಿಕೊಂಡರು’, ‘ಇಂತಿಕಾಲ್ ಹೋಗಯಾ’ ಎಂಬಂಥ ಗೌರವದ ಮಾತು. ಗೆಳೆಯನ ದಾದಾ ತೀರಿಕೊಂಡಾಗ ಇಂಗ್ಲಿಷಿನಲ್ಲಿ ಸಂತಾಪ ಬರೆಯುವವರು ನಿಘಂಟಿನಲ್ಲಿ ಸಿಕ್ಕ ಮೊದಲ ನುಡಿಗಟ್ಟನ್ನು ಹಾಕಿದರೆ ಆ ಮನೆಯವರಿಗೆ ನೋವಾಗುತ್ತದೆ. ಕಹಿಯನ್ನು ಮೃದುವಾಗಿ ಹೇಳುವ ಈ ಬಗೆಗೆ ಇಂಗ್ಲಿಷಿನಲ್ಲಿ ಯೂಫೆಮಿಸಂ ಎನ್ನುತ್ತಾರೆ. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವ ನಮಗೆ ಇದು ಹೊಸದಲ್ಲ.

ಹಾಗೆಯೇ ‘ಡೋಂಟ್ ಈಟ್ ಮೈ ಹೆಡ್’ ಎಂದು ಕ್ಯಾಂಟೀನಿನಲ್ಲಿ ಗೆಳೆಯರಿಗೆ ಹೇಳಿದರೆ ನಡೆಯುತ್ತದೆ. ಅದು ‘ತಲೆ ತಿನ್ನಬೇಡ’, ‘ಸರ್ ಮತ್ ಖಾ’ ಎಂಬುದರ ನೇರ ಅನುವಾದ, ಭಾರತದ ಹೊರಗಿನವರಿಗೆ ಅರ್ಥವಾಗದು. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಬೇಡ.

ಕಲಿಯುವ ಕ್ರಮ

ಒಂದು: ಸಾಧಾರಣ ಪದಗಳೇ ಇದ್ದೂ ವಾಕ್ಯ ವಿಚಿತ್ರವಾಗಿ ಕಂಡರೆ, ಅದು ನುಡಿಗಟ್ಟು ಎಂದು ಮೊದಲು ಅನುಮಾನಿಸಿ.

ಎರಡು: ಹಿಂದಿನ ಮುಂದಿನ ವಾಕ್ಯ ಓದಿ. ಮಾತು ಸಂತೋಷದ್ದೋ, ದೂರೋ, ಎಚ್ಚರಿಕೆಯೋ? ಅದರಿಂದಲೇ ಅರ್ಧ ಅರ್ಥ ಸಿಗುತ್ತದೆ.

ಮೂರು: ನಿಘಂಟಿನಲ್ಲಿ ಇಡೀ ಕಟ್ಟನ್ನು ಹುಡುಕಿ. ಸಾಮಾನ್ಯವಾಗಿ ಮುಖ್ಯ ಪದದ ಕೆಳಗೆ ಅದು ಇರುತ್ತದೆ. ‘ಬ್ರೇಕ್ ದ ಐಸ್’ ಬೇಕಾದರೆ ‘ಐಸ್’ ಅಥವಾ ‘ಬ್ರೇಕ್’ ನೋಡಿ.

ನಾಲ್ಕು: ಅದೇ ಕೆಲಸ ಮಾಡುವ ಕನ್ನಡ ಅಥವಾ ಉರ್ದು ಮಾತನ್ನು ಹುಡುಕಿ. ಪದ ಹೋಲಬೇಕಾಗಿಲ್ಲ, ಸಂದರ್ಭ ಹೋಲಬೇಕು. ‘ಲಾಕ್ ದ ಸ್ಟೇಬಲ್ ಡೋರ್ ಆಫ್ಟರ್ ದ ಹಾರ್ಸ್ ಹ್ಯಾಸ್ ಬೋಲ್ಟೆಡ್’ ಎಂಬಲ್ಲಿ ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕುತ್ತಾರೆ. ನಮ್ಮಲ್ಲಿ ‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ’. ಕುದುರೆಯ ಜಾಗದಲ್ಲಿ ಕೋಟೆ ಬಂತು, ಮಾತು ಒಂದೇ.

ಐದು: ಕಟ್ಟನ್ನು ಮುರಿಯಬೇಡಿ. ‘ಸ್ಪಿಲ್ ದ ಬೀನ್ಸ್’ ಎಂದರೆ ಗುಟ್ಟು ರಟ್ಟು ಮಾಡುವುದು. ಅದನ್ನು ‘ಸ್ಪಿಲ್ ದ ಬೀನ್’ ಎಂದು ಏಕವಚನ ಮಾಡಿದರೆ, ‘ಬೀನ್ಸ್’ ಬದಲು ‘ಪೀಸ್’ ಎಂದರೆ ಗುಟ್ಟೂ ಇಲ್ಲ, ರಟ್ಟೂ ಇಲ್ಲ. ಕ್ರಿಯಾಪದವನ್ನು ಮಾತ್ರ ಕಾಲಕ್ಕೆ ತಕ್ಕಂತೆ ಬದಲಿಸಬಹುದು: ‘ಸ್ಪಿಲ್ಡ್ ದ ಬೀನ್ಸ್’.

ಆರು: ಪ್ರಬಂಧದಲ್ಲಿ ಮಸಾಲೆಯಂತೆ ಬಳಸಿ. ಬಿರಿಯಾನಿಗೆ ಲವಂಗ ಬೇಕು, ಆದರೆ ಪ್ರತಿ ತುತ್ತಿನಲ್ಲಿಯೂ ಲವಂಗ ಸಿಕ್ಕರೆ ಯಾರೂ ಊಟ ಮಾಡುವುದಿಲ್ಲ.

ವಾಣಿಜ್ಯ ವಿಭಾಗದವರು ಇವನ್ನು ಬರೆದಿಟ್ಟುಕೊಳ್ಳಿ. ‘ಇನ್ ದ ರೆಡ್’ ಎಂದರೆ ನಷ್ಟ ಅಥವಾ ಸಾಲದಲ್ಲಿ, ‘ಇನ್ ದ ಬ್ಲ್ಯಾಕ್’ ಎಂದರೆ ಲಾಭದಲ್ಲಿ. ‘ಸ್ಲೀಪಿಂಗ್ ಪಾರ್ಟ್‌ನರ್’ ನಿದ್ದೆ ಮಾಡುವವನಲ್ಲ. ಬಂಡವಾಳ ಹಾಕಿ ದಿನನಿತ್ಯದ ವ್ಯವಹಾರಕ್ಕೆ ಬಾರದ ಪಾಲುದಾರ. ‘ವಿಂಡೋ ಡ್ರೆಸಿಂಗ್’ ಎಂದರೆ ಲೆಕ್ಕಪತ್ರವನ್ನು ಇರುವುದಕ್ಕಿಂತ ಚೆನ್ನಾಗಿ ಕಾಣುವಂತೆ ತೋರಿಸುವುದು. ವಿಜ್ಞಾನದವರಿಗೆ ‘ಲಿಟ್ಮಸ್ ಟೆಸ್ಟ್’ ಪ್ರಯೋಗಾಲಯದಲ್ಲಿ ಗೊತ್ತೇ ಇದೆ. ಪತ್ರಿಕೆಯಲ್ಲಿ ಕಂಡರೆ ಅದು ಒಂದೇ ಸಲಕ್ಕೆ ತೀರ್ಮಾನವಾಗುವ ಪರೀಕ್ಷೆ.

ನೀವೇ ಹೊಂದಿಸಿ

ಇಂಗ್ಲಿಷ್ ಮಾತುಗಳು:
1. ಓವರ್ ದ ಮೂನ್
2. ಎ ಬ್ಯಾಡ್ ವರ್ಕ್‌ಮನ್ ಬ್ಲೇಮ್ಸ್ ಹಿಸ್ ಟೂಲ್ಸ್
3. ಬಿಟ್ವೀನ್ ದ ಡೆವಿಲ್ ಅಂಡ್ ದ ಡೀಪ್ ಸೀ
4. ಮೇಕ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್
5. ಕ್ರೈ ಓವರ್ ಸ್ಪಿಲ್ಟ್ ಮಿಲ್ಕ್
6. ಫಾಲ್ ಆನ್ ಡೆಫ್ ಇಯರ್ಸ್

ನಮ್ಮ ಮಾತುಗಳು:
ಅ. ಅತ್ತ ದರಿ, ಇತ್ತ ಪುಲಿ
ಆ. ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ
ಇ. ಕಡ್ಡಿಯನ್ನು ಗುಡ್ಡ ಮಾಡು. ಉರ್ದುವಿನಲ್ಲಿ ‘ರಾಯೀ ಕಾ ಪಹಾಡ್ ಬನಾನಾ’
ಈ. ಸ್ವರ್ಗಕ್ಕೆ ಮೂರೇ ಗೇಣು. ಉರ್ದುವಿನಲ್ಲಿ ‘ಬಾಗ್ ಬಾಗ್ ಹೋನಾ’
ಉ. ಕಿವುಡನ ಮುಂದೆ ಶಂಖ ಊದಿದಂತೆ
ಊ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉರ್ದುವಿನಲ್ಲಿ ‘ನಾಚ್ ನ ಜಾನೇ ಆಂಗನ್ ಟೇಢಾ’

ಉತ್ತರಗಳು: 1–ಈ, 2–ಊ, 3–ಅ, 4–ಇ, 5–ಆ, 6–ಉ.

ಇಂದೇ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ: ಇಂಗ್ಲಿಷ್, ಕನ್ನಡ, ಉರ್ದು. ವಾರಕ್ಕೆ ಐದು ನುಡಿಗಟ್ಟು ಬರೆದರೂ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ನೂರು ದಾಟುತ್ತದೆ. ಎರಡನೇ ಮತ್ತು ಮೂರನೇ ಕಾಲಂಗೆ ನಿಘಂಟಿಗಿಂತ ಮನೆಯ ದಾದಿ, ನಾನಿ, ಪಕ್ಕದ ಮನೆಯ ಅಜ್ಜಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅವರ ಬಾಯಲ್ಲಿರುವ ಎಷ್ಟೋ ಮಾತುಗಳು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಹಾಗೆ ಸಿಕ್ಕ ಒಳ್ಳೆಯ ಮಾತುಗಳನ್ನು, ಯಾರು ಯಾವ ಸಂದರ್ಭದಲ್ಲಿ ಹೇಳಿದರು ಎಂಬುದರೊಂದಿಗೆ, ಒಂದು ಚೀಟಿಯಲ್ಲಿ ಬರೆದು ಇಂಗ್ಲಿಷ್ ವಿಭಾಗಕ್ಕೆ ತಲುಪಿಸಿ. ಮುಂದಿನ ಸಂಚಿಕೆಯಲ್ಲಿ ಅವಕ್ಕೆ ಸರಿಹೊಂದುವ ಇಂಗ್ಲಿಷ್ ನುಡಿಗಟ್ಟುಗಳನ್ನು ಎಲ್ಲರೂ ಸೇರಿ ಹುಡುಕೋಣ.